ಹಾಜರಿ ಹಿಟ್ಟು

"ಏ ಸಕ್ರಿ! ಗೊನಿ ಮ್ಯಾಲ ಕಕ್ಕಲತ್ತೀಯೇನೇ ರಂಡೆ? ಯುರೋಪಿಗಿ ಹೋಗೋ ಮಾಲದು! ನಿಮ್ಮಪ್ಪ ತಿಂತಾನೇನು ಇದನ್ನ?"

ಗುರುಬಸವ ಸಾವ್ಕಾರ ಸಾಲಿನ ಆಚೆ ತುದಿಯಿಂದಲೇ ಒದರಿದ. ಸಕ್ರವ್ವ ದ್ರಾಕ್ಷಿ ಚಪ್ಪರದ ಕೆಳಗೆ ಎರಡೂ ಮೊಣಕಾಲೂರಿ ಬಗ್ಗಿದ್ದಳು. ಗೊನೆಯ ಮೇಲೆ ಏನೂ ಬಿದ್ದಿರಲಿಲ್ಲ. ಬೀಳಬೇಕಾದರೆ ಹೊಟ್ಟೆಯೊಳಗೆ ಏನಾದರೂ ಇರಬೇಕಲ್ಲ. ನೆಲದ ಮೇಲೆ ಒಂದಿಷ್ಟು ಹಳದಿ ನೀರು, ಅದರ ನಡುವೆ ಅರ್ಧ ಕರಗಿದ ಬಿಳಿ ಗುಳಿಗೆ. ಸಾವ್ಕಾರ ಹತ್ತಿರ ಬರುವುದರೊಳಗೆ ನಾನು ಕಾಲಿನಿಂದ ಮಣ್ಣು ಎಳೆದು ಅದನ್ನು ಮುಚ್ಚಿದೆ.

"ಪಿತ್ತ ಆಗ್ಯಾದ್ರಿ ಸಾವ್ಕಾರ್ರ," ಅಂದೆ.

"ನಿನಗ್ಯಾರು ಕೇಳ್ಯಾರೇ ಭುವನಿ? ಪಿತ್ತಂತ ಪಿತ್ತ! ಗಂಡ ಸತ್ತು ಐದು ವರ್ಷಾಯ್ತು, ಈಗ ಯಾವನಿಗಿ ಬಸುರಾಗ್ಯಾಳ ಕೇಳು."

ಅವನ ಹಿಂದೆ ನಿಂತಿದ್ದ ಮುಕಾದಮ ವೈಜನಾಥ ನಕ್ಕ. ಸಾವ್ಕಾರ ಏನಾದರೂ ಅಂದಾಗ ನಗುವುದು ಅವನ ಕೆಲಸದಲ್ಲೇ ಸೇರಿತ್ತು.

"ಈಕಿದು ಇವತ್ತ ಅರ್ಧಾ ಹಾಜರಿ ಹಿಡಿ," ಎಂದು ಹೇಳಿ ಸಾವ್ಕಾರ ಮುಂದಿನ ಸಾಲಿಗೆ ಹೋದ. ಸಕ್ರವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು, ಮತ್ತೆ ಕೈ ಮೇಲೆತ್ತಿ ಗೊನೆ ಹಿಡಿದಳು.

ನಾವು ಮಾಡುತ್ತಿದ್ದದ್ದು ಗೊನೆ ಅದ್ದುವ ಕೆಲಸ. ದ್ರಾಕ್ಷಿ ಇನ್ನೂ ಕಾಳಿನಷ್ಟಿರುವಾಗ ಒಂದೊಂದೇ ಗೊನೆಯನ್ನು ಔಷಧಿ ನೀರು ತುಂಬಿದ ಮಗ್ಗಿನಲ್ಲಿ ಅದ್ದಿ ತೆಗೆಯಬೇಕು. ಹಾಗೆ ಮಾಡಿದರೆ ಕಾಯಿ ಉದ್ದವಾಗಿ, ದಪ್ಪವಾಗಿ, ಪರದೇಶದವರ ಬಾಯಿಗೆ ಒಪ್ಪುವಂತೆ ಬೆಳೆಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎತ್ತಿದ ಕೈ, ಎತ್ತಿದ ಕುತ್ತಿಗೆ. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಮಗ್ಗು. ಸಕ್ರವ್ವನ ಮಗ್ಗಿನ ಹಿಡಿಕೆಗೆ ಕೆಂಪು ದಾರ ಕಟ್ಟಿತ್ತು. ನೀರು ಕುಡಿಯಲು ಸಾವ್ಕಾರನ ಮನೆಯ ಲೋಟ ನಮಗೆ ಸಿಗುತ್ತಿರಲಿಲ್ಲ, ಹಾಗಾಗಿ ಆ ಮಗ್ಗನ್ನೇ ತೊಳೆದು ಕುಡಿಯುತ್ತಿದ್ದೆವು.

ಟೋಳಿಯಲ್ಲಿ ಹದಿನಾಲ್ಕು ಜನ. ಎಲ್ಲರೂ ಬೀದರ ಜಿಲ್ಲೆಯ ಭಾಲ್ಕಿ, ಔರಾದ ಕಡೆಯವರು. ಎಲ್ಲರೂ ಊರ ಹೊರಗಿನ ಕೇರಿಯವರು. ಸಾವ್ಕಾರನೂ ಬೀದರದವನೇ, ಆದರೆ ಊರ ಒಳಗಿನವನು. ನಾಸಿಕದಲ್ಲಿ ದೊಡ್ಡ ಧಾನ್ಯದ ಅಂಗಡಿ, ನಿಫಾಡದ ಹತ್ತಿರ ಗುತ್ತಿಗೆಗೆ ಹಿಡಿದ ಈ ದ್ರಾಕ್ಷಿ ತೋಟ, ಹಣೆ ತುಂಬ ವಿಭೂತಿ. "ನಮ್ಮ ಕಡಿ ಮಂದಿ ನಾಕು ತುತ್ತು ಉಣ್ಲಿ ಅಂತ ಕರಸ್ಕೊಂಡೀನಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ.

ಆ ನಾಕು ತುತ್ತು ಹೇಗೆ ಸಿಗುತ್ತಿತ್ತು ಎಂದು ಹೇಳುತ್ತೇನೆ. ಕೂಲಿಯ ಬಹುಪಾಲು ಊರಲ್ಲೇ ಮುಂಗಡವಾಗಿ ಬಂದು ಮುಗಿದಿರುತ್ತದೆ. ಇಲ್ಲಿ ಸಿಗುವುದು ಹಿಟ್ಟು. ಸಂಜೆ ನಮ್ಮ ತಗಡಿನ ಶೆಡ್ಡಿನ ಮುಂದೆ ವೈಜನಾಥ ಚೀಲ ಬಿಚ್ಚಿಕೊಂಡು ಕೂತು ಹೆಸರು ಕರೆಯುತ್ತಾನೆ. ಕರೆದವರು "ಹಾಜರ್" ಅಂದು ಸೆರಗು ಚಾಚಿ ಉಡಿ ಹಿಡಿಯಬೇಕು. ಪೂರಾ ದಿನ ದುಡಿದವರಿಗೆ ಅವರದೇ ಮಗ್ಗಿನಿಂದ ಒಂದು ಮಗ್ಗು ಜೋಳದ ಹಿಟ್ಟು, ಅಂಗೈಯಿಂದ ಮೇಲೆ ಸವರಿ ಸಮ ಮಾಡಿ. ಅರ್ಧ ದಿನ ದುಡಿದವರಿಗೆ ಅರ್ಧ. ಕೆಲಸಕ್ಕೆ ಬರದವರಿಗೆ, ಜ್ವರವಿರಲಿ ಸೂತಕವಿರಲಿ, ಏನೂ ಇಲ್ಲ. ಹಾಜರಿ ಹಿಟ್ಟು ಅನ್ನುತ್ತಿದ್ದೆವು.

ಅವತ್ತು ಸಂಜೆ ಸಕ್ರವ್ವ ಅರ್ಧ ಮಗ್ಗಿನ ಹಿಟ್ಟನ್ನು ಬಡಿಯುತ್ತ ನನ್ನ ಕಿವಿಯ ಹತ್ತಿರ ಹೇಳಿದಳು.

"ನಿನ್ನಿ ಹಿಟ್ಟ ಇರ್ಲಿಲ್ಲವ್ವ. ಗುಳಗಿ ತಪ್ಪಬಾರ್ದಂತ ಮುಂಜಾನಿ ಬರೇ ನೀರಿನ್ಯಾಗ ನುಂಗಿದ್ದೆ. ನೋಡು ಏನಾಯ್ತು."

ನಾನು ದೊಡ್ಡ ತಿಳಿವಳಿಕಸ್ಥೆಯ ಹಾಗೆ ಅಂದೆ: "ಉಪಾಸ ಹೊಟ್ಟಿಗಿ ನುಂಗಬ್ಯಾಡ ಯಕ್ಕಾ. ಅದು ಕರುಳ ಸುಡ್ತದ. ಮೇಡಂ ಹೇಳಿಲ್ಲೇನು, ಊಟ ಆದ ಮ್ಯಾಲ ಅಂತ? ಊಟ ಇಲ್ದಿದ್ರ ಗುಳಗಿ ಇಲ್ಲ. ಅಷ್ಟ."

ಈ ಮಾತು ನನ್ನ ಬಾಯಿಂದಲೇ ಬಂದದ್ದು. ಇವತ್ತಿಗೂ ಅದನ್ನು ಬೇರೆ ಯಾರ ಬಾಯಿಗಾದರೂ ಹಾಕಲು ನೋಡುತ್ತೇನೆ, ಆಗುವುದಿಲ್ಲ.

ನನಗೂ ಸಕ್ರವ್ವನಿಗೂ ಎಚ್‌ಐವಿ ಇತ್ತು. ಟೋಳಿಯಲ್ಲಿ ಇದು ನಮ್ಮಿಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನ್ನ ಗಂಡ ಲಾರಿ ಮೇಲೆ ಇದ್ದವನು, ಬ್ಯಾನಿ ಕೊಟ್ಟು ಇನ್ನೊಬ್ಬಳ ಹಿಂದೆ ಹೋದ. ಸಕ್ರವ್ವನ ಗಂಡ ಸಂಭಾಜಿನಗರದ ಕಾರ್ಖಾನೆಯೊಂದರಲ್ಲಿ ಹಮಾಲಿ ಮಾಡುತ್ತಿದ್ದು ಅಲ್ಲೇ ಸತ್ತ. ನಾವಿಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದ್ದು ನಾಸಿಕದ ಗುಳಿಗೆ ದವಾಖಾನೆಯ ಬಾಕಿನ ಮೇಲೆ. ಒಂದೇ ಶೆಡ್ಡಿನಲ್ಲಿ ಮಲಗುವ ಇಬ್ಬರು ಅಲ್ಲಿ ಎದುರುಬದುರು ಕೂತು, ಮೊದಲು ಸೆರಗು ಎಳೆದುಕೊಂಡೆವು, ಆಮೇಲೆ ನಕ್ಕುಬಿಟ್ಟೆವು.

ಅಲ್ಲಿ ಗುಳಿಗೆಯ ಬಗ್ಗೆ ತಿಳಿಸಿ ಹೇಳುವವಳು ಪ್ರಜ್ಞಾ ಮೇಡಂ. ಉಡುಪಿ ಕಡೆಯವರ ಮಗಳು, ಅಪ್ಪನದು ನಾಸಿಕದಲ್ಲಿ ಹೋಟೆಲು. ಹುಟ್ಟಿ ಬೆಳೆದದ್ದು ಇಲ್ಲೇ, ಹಾಗಾಗಿ ಅವಳ ಕನ್ನಡ ನಡುನಡುವೆ ಮರಾಠಿಗೆ ಜಾರುತ್ತಿತ್ತು. ಕೆಟ್ಟವಳಲ್ಲ. ನಮ್ಮನ್ನು ನೀವು ಅನ್ನುತ್ತಿದ್ದ ಒಬ್ಬಳೇ ಅವಳು.

"ರಾತ್ರಿ ಊಟ ಆದ ಮೇಲೆ ತೆಕ್ಕೊಳ್ಳಿ, ದರರೋಜ್. ಊಟ ಯಾರಾದ್ರೂ ಮರೀತಾರಾ? ಇಲ್ಲ ಅಲ್ವಾ? ಹಾಗೆ ಮಾತ್ರೆ ಕೂಡ ಮರೆಯೋದಿಲ್ಲ. ಸಮಜ್ಲಂ ಕಾ?"

ಸಮಜ್ಲಂ ಅಂದೆವು. ಹೋಟೆಲಿನವರ ಮಗಳಿಗೆ ಊಟವೆಂದರೆ ಸೂರ್ಯ ಮುಳುಗಿದಷ್ಟೇ ಖಾತ್ರಿ. ದಿನಾ ಬರುತ್ತದೆ, ಅದರ ಬೆನ್ನಿಗೆ ಗುಳಿಗೆ ಕಟ್ಟಿದರೆ ಅದೂ ದಿನಾ ಬರುತ್ತದೆ. ನಮ್ಮ ಊಟ ವೈಜನಾಥನ ಅಂಗೈ ಕೆಳಗಿತ್ತು. ಅದನ್ನು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ಮೂರು ಹೊತ್ತು ಉಂಡವರ ಮುಂದೆ ಕೂತು ನಾನು ನಿನ್ನೆ ಉಂಡಿಲ್ಲ ಎಂದು ಹೇಳಲು ನಾಲಿಗೆ ಏಳುವುದಿಲ್ಲ.

ದವಾಖಾನೆಗೆ ಹೋಗುವ ದಿನ ಪೂರಾ ಹಾಜರಿ ಹೋಗುತ್ತಿತ್ತು. ಎಲ್ಲಿಗೆ ಎಂದು ಕೇಳಿದರೆ ಗೋದಾವರಿ ಸ್ನಾನಕ್ಕೆ, ಹರಕೆ ಇದೆ ಅನ್ನುತ್ತಿದ್ದೆವು. ವಾಪಸು ಬರುವ ಮುಂಚೆ ದವಾಖಾನೆಯ ನಳದ ಕೆಳಗೆ ತಲೆ ತೋಯಿಸಿಕೊಳ್ಳುತ್ತಿದ್ದೆವು. ವೈಜನಾಥ ಹಲ್ಲು ಕಿರಿದು, "ಎಷ್ಟು ಪಾಪ ಮಾಡೀರೇ ಹಾದರಗಿತ್ಯಾರ, ತೊಳದಷ್ಟೂ ತೀರವಲ್ದು," ಅನ್ನುತ್ತಿದ್ದ. ನಾವೂ ನಗುತ್ತಿದ್ದೆವು. ಹಿಟ್ಟು ಇಲ್ಲ, ಊಟ ಇಲ್ಲ, ಆದ್ದರಿಂದ ಅವತ್ತು ಗುಳಿಗೆಯೂ ಇಲ್ಲ. ಗುಳಿಗೆ ತರಲು ಹೋದ ದಿನವೇ ಗುಳಿಗೆ ನುಂಗದ ಹೆಂಗಸರು ನಾವು. ನನ್ನದು ಗಟ್ಟಿ ಜೀವ, ತಿಂಗಳಿಗೆ ಒಂದೆರಡು ತಪ್ಪುತ್ತಿತ್ತು ಅಷ್ಟೆ. ಸಕ್ರವ್ವನಿಗೆ ಹಾಗಾಗಲಿಲ್ಲ.

ಪ್ರತಿ ಸಲ ಅಲ್ಲಿ ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸುತ್ತಾರೆ. ಉಳಿದಿದ್ದರೆ ಬೈಗುಳ. ಅದಕ್ಕೂ ಉಪಾಯ ಹೇಳಿಕೊಟ್ಟವಳು ನಾನೇ. ಹೋಗುವ ಹಿಂದಿನ ದಿನ ಉಳಿದದ್ದನ್ನು ತೆಗೆದು ಎಸೆದುಬಿಡು, ಸರಿ ಹೋಗುತ್ತದೆ ಅಂದಿದ್ದೆ. ಸಕ್ರವ್ವ ತೆಗೆಯುತ್ತಿದ್ದಳು, ಎಸೆಯುತ್ತಿರಲಿಲ್ಲ.

"ಔಷಧ ಎಸೀಬಾರ್ದವ್ವ. ಯಾರಿಗರೆ ಬೇಕಾಗಿರ್ತದ. ಹಳೇ ಡಬ್ಬಿನ್ಯಾಗ ಹಾಕಿ ಕಡೀ ಸಾಲಿನ ಕಲ್ಲಗಂಬದ ಬುಡಕ ಹುಗದಿಟ್ಟೀನಿ."

ಮಳೆಗಾಲದಲ್ಲಿ ತೋಟದ ಕೆಲಸ ವಾರಕ್ಕೆ ಎರಡು ದಿನ, ಮೂರು ದಿನ. ಸಕ್ರವ್ವನಿಗೆ ಜ್ವರ ಹಿಡಿಯಿತು. ಬಾಯೊಳಗೆ ಬಿಳಿ ಹುಣ್ಣು, ಮೈ ಇಳಿದು ಕುಬಸದ ತೋಳು ಜೋಲಾಡತೊಡಗಿತು. ಕೆಲಸಕ್ಕೆ ಬರಲಾಗುವುದಿಲ್ಲ, ಹಾಜರಿ ಇಲ್ಲ, ಹಿಟ್ಟಿಲ್ಲ, ಊಟ ಇಲ್ಲ, ಗುಳಿಗೆ ಇಲ್ಲ, ಅದರಿಂದ ಇನ್ನಷ್ಟು ಜ್ವರ. ಒಂದು ದಿನ ಅವಳನ್ನು ನಡೆಸಿಕೊಂಡು ರೇಷನ್ ಅಂಗಡಿಗೆ ಹೋದೆ. ನಮ್ಮೂರಿನ ಕಾರ್ಡು ಇಲ್ಲಿಯೂ ನಡೆಯುತ್ತದೆ ಎಂದು ಯಾರೋ ಹೇಳಿದ್ದರು. ನಡೆಯುವುದೇನೋ ಹೌದು, ಆದರೆ ಮಶೀನಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಸಕ್ರವ್ವ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಹತ್ತೂ ಬೆರಳು ಒತ್ತಿಸಿದರು.

ಕೊಂಬೆ ಕತ್ತರಿಸಿದ ಮೇಲೆ ಚಿಗುರು ಬೇಗ ಒಡೆಯಲೆಂದು ಬಳ್ಳಿಯ ಕಣ್ಣು ಕಣ್ಣಿಗೆ ಒಂದು ಔಷಧಿ ಹಚ್ಚಿಸುತ್ತಾರೆ. ಕೈಗವಸು ಕೊಡುವುದಿಲ್ಲ. ಐದು ವರ್ಷ ಹಚ್ಚಿದ ಬೆರಳುಗಳಲ್ಲಿ ಗೆರೆ ಎಲ್ಲಿ ಉಳಿಯಬೇಕು? ಅಂಗಡಿಯವನು ಮರಾಠಿಯಲ್ಲಿ, ತಾಯೀ, ನಿನ್ನ ಕೈ ನಿನ್ನದಲ್ಲ ಅನ್ನುತ್ತಿದೆ ಮಶೀನು, ಎಂದು ನಕ್ಕ. ಸಕ್ರವ್ವನೂ ಕೈ ತಿರುಗಿಸಿ ನೋಡಿಕೊಂಡು, "ಖರೇನೇ ಹೇಳಲತ್ತದ. ಸಾವ್ಕಾರನ ಕೈ ಇವು," ಅಂದಳು. ಖಾಲಿ ಚೀಲ ತಲೆಗೆ ಹೊದ್ದು ಮಳೆಯಲ್ಲೇ ವಾಪಸು ಬಂದೆವು.

ನನ್ನ ಪಾಲಿನ ಮಗ್ಗು ಹಿಟ್ಟಿನಲ್ಲಿ ಎರಡು ರೊಟ್ಟಿ ಆಗುತ್ತಿತ್ತು. ಒಂದು ನನಗೆ, ಒಂದು ಅವಳಿಗೆ. ಹೀಗೆ ನಡೆಯಿತು, ದಸರಾ ಹತ್ತಿರ ಬರುವವರೆಗೂ. ಇದನ್ನು ಹೇಳಿ ದೊಡ್ಡವಳಾಗಲು ಬರುವುದಿಲ್ಲ ನನಗೆ, ಯಾಕೆಂದರೆ ಒಂದು ದಿನ ನಾನು ತಿಂದೆ.

ಅವತ್ತು ಬೆಳಗಿನಿಂದ ಗೊಬ್ಬರ ಹೊತ್ತಿದ್ದೆ. ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹಿಟ್ಟು ಸಿಕ್ಕ ಕೂಡಲೇ ಶೆಡ್ಡಿಗೆ ಹೋಗಲಿಲ್ಲ. ಬಾವಿಯ ಹಿಂದೆ ಮೂರು ಕಲ್ಲು ಹೂಡಿ, ತಗಡಿನ ಮೇಲೆ ಎರಡೂ ರೊಟ್ಟಿ ಸುಟ್ಟು, ಒಂದು ಉಳ್ಳಾಗಡ್ಡಿ ಗುದ್ದಿ, ನಿಂತುಕೊಂಡೇ ತಿಂದೆ. ಗಂಟಲಿಗೆ ಹತ್ತಿದರೂ ನಿಲ್ಲಿಸಲಿಲ್ಲ. ಯಾರಾದರೂ ಬಂದು ಕಸಿದುಕೊಳ್ಳುತ್ತಾರೆ ಎಂಬಂತೆ ತಿಂದೆ. ಕಸಿದುಕೊಳ್ಳಲು ಬರುವವಳು ಎದ್ದು ಕೂರಲಾರದೆ ಶೆಡ್ಡಿನಲ್ಲಿ ಮಲಗಿದ್ದಳು.

"ಇವತ್ತ ಹಿಟ್ಟ ಕೊಟ್ಟಿಲ್ಲ ಯಕ್ಕಾ," ಅಂದೆ ಹೋಗಿ.

"ಹೌದೇನು."

ಅವಳು ನನ್ನ ಮುಖ ಹತ್ತಿರಕ್ಕೆ ಎಳೆದುಕೊಂಡು ಉಸಿರೆಳೆದಳು. ಆಮೇಲೆ ನಕ್ಕಳು. ಹುಣ್ಣಾದ ತುಟಿ, ನಗಲಿಕ್ಕೂ ನೋಯುತ್ತಿತ್ತು.

"ನಿನ್ನ ಬಾಯಾಗ ಉಳ್ಳಾಗಡ್ಡಿ ವಾಸನಿ ಬರಲತ್ತದ, ಹುಚ್ಚಿ. ಛಂದ ಅದ ವಾಸನಿ. ಇಲ್ಲೇ ಕೂಡು, ಹೋಗಬ್ಯಾಡ."

ನಾನು ಅವಳ ಹತ್ತಿರ ಕೂತೆ. ಅವಳು ಆ ವಾಸನೆಯನ್ನು ಎಳೆದುಕೊಳ್ಳುತ್ತ ಮಲಗಿದಳು. ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ತೋಟದಲ್ಲಿದ್ದಾಗ ಉಸಿರು ಕಟ್ಟಿತಂತೆ. ವೈಜನಾಥ ಟೆಂಪೋದಲ್ಲಿ ದವಾಖಾನೆಗೆ ಒಯ್ದ. ಅಲ್ಲಿ ಅವಳ ಬ್ಲೌಸಿನೊಳಗೆ ಗುಳಿಗೆ ದವಾಖಾನೆಯ ಕಾರ್ಡು ಸಿಕ್ಕಿತು. ಓದಿ ಹೇಳಿದವರು ಅವನಿಗೇ ಹೇಳಿದರು. ಮರುದಿನ ಅವಳ ಹೆಣ ಬಂತು, ಸುದ್ದಿ ಅದಕ್ಕಿಂತ ಮುಂಚೆ ಬಂದಿತ್ತು.

ಸಾವ್ಕಾರ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದ. ಅವಳ ಕೌದಿ, ಸೀರೆ, ತಾಟು ಎಲ್ಲವನ್ನೂ ರಾಶಿ ಹಾಕಿಸಿ ಡೀಸೆಲ್ ಸುರಿಸಿದ. ಬಳ್ಳಿಗಳಿಗೆ ಔಷಧಿ ಹೊಡೆಯುವ ಟ್ರ್ಯಾಕ್ಟರನ್ನು ಶೆಡ್ಡಿನ ಬಾಗಿಲಿಗೆ ತಂದು ಒಳಗೆಲ್ಲ ಹೊಡೆಸಿದ. ನಮ್ಮ ಹಾಸಿಗೆ, ನಮ್ಮ ಒಲೆ, ನಮ್ಮ ಉಪ್ಪು ಎಲ್ಲದರ ಮೇಲೂ ಆ ನೀಲಿ ನೀರು.

"ಬೋಸುಡಿ, ನನ್ನ ಮಾಲ ಮುಟ್ಟಿದ್ದಾಳ ವರ್ಷಾನಗಟ್ಲೆ," ಎಂದು ಕೂಗಿದ. "ಇದು ಹೊರಗ ಗೊತ್ತಾದ್ರ ಒಂದು ಪೆಟ್ಟಿಗಿ ಹೋಗಂಗಿಲ್ಲ. ಯಾರರೆ ಬಾಯಿ ಬಿಟ್ರ ನಾಲಿಗಿ ಹಿರೀತೀನಿ. ಇನ್ನ್ಯಾರಿಗರೆ ಇದ್ರ ಈಗೇ ಹೇಳ್ರಿ. ಇವತ್ತೇ ಗಂಟು ಕಟ್ಟಬೇಕು."

ಹದಿಮೂರು ಜನ ನಿಂತಿದ್ದೆವು. ನಾನು ನೆಲ ನೋಡಿದೆ. ಅವತ್ತು ಸಂಜೆ ವೈಜನಾಥ ರೂಢಿಯ ಮೇಲೆ ಹೆಸರು ಕರೆಯುತ್ತ ಬಂದ. "ಭುವನೇಶ್ವರಿ." ಹಾಜರ್ ಅಂದೆ. "ಸಕ್ರವ್ವ." ಕರೆದ ಮೇಲೆ ಅವನಿಗೇ ಹೊಳೆಯಿತು. ಅವನು ಕೆಂಪು ದಾರದ ಮಗ್ಗನ್ನು ದೂರ ಎಸೆದು ಮುಂದಿನ ಹೆಸರು ಕರೆದ. ಆ ಮಗ್ಗನ್ನು ನಾನು ಎತ್ತಿಕೊಂಡೆ, ತೊಳೆದು ಅದರಲ್ಲೇ ನೀರು ಕುಡಿಯತೊಡಗಿದೆ. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಆಮೇಲೆ ಅವಳು ಬರತೊಡಗಿದಳು. ರಾತ್ರಿ ಅಲ್ಲ, ದೆವ್ವದ ಹಾಗೂ ಅಲ್ಲ. ಸುಡು ಮಧ್ಯಾಹ್ನ, ಕಡೆಯ ಸಾಲಿನಲ್ಲಿ ಕೈ ಮೇಲೆತ್ತಿ ನಿಂತಾಗ ಪಕ್ಕದಲ್ಲಿ ಡಬ್ಬಿ ಅಲ್ಲಾಡಿದ ಸದ್ದು. ಒಳಗೆ ಗುಳಿಗೆಗಳು ಕಟಕಟ ಅನ್ನುತ್ತಿದ್ದವು. ತಿರುಗಿದರೆ ಎಲೆಗಳು, ತಂತಿ, ಬಿಸಿಲು. ರೊಟ್ಟಿ ಮುರಿದು ಬಾಯಿಗೆ ಇಡುವಾಗ ಯಾರೋ ನನ್ನ ಮುಖದ ಹತ್ತಿರ ಮೂಗು ತಂದು ಉಸಿರೆಳೆದಂತಾಗುತ್ತಿತ್ತು. ಉಳ್ಳಾಗಡ್ಡಿ ತಿನ್ನುವುದನ್ನು ಬಿಟ್ಟೆ. ಆದರೂ ಬಾಯಲ್ಲಿ ಅದೇ ವಾಸನೆ. ಹೆದರಿಕೆ ಆಗುತ್ತಿರಲಿಲ್ಲ, ನಾಚಿಕೆ ಆಗುತ್ತಿತ್ತು. ಹೆದರಿಕೆಯಾದರೂ ಒಂದಲ್ಲ ಒಂದು ಹೊತ್ತಿಗೆ ಬಿಟ್ಟು ಹೋಗುತ್ತದೆ.

ನವೆಂಬರಿನಲ್ಲಿ ಗುಳಿಗೆ ತರಲು ಹೋದಾಗ ಪ್ರಜ್ಞಾ ಮೇಡಂ ಕೇಳಿದಳು.

"ಸಕ್ರವ್ವ ಯಾಕೆ ಬರ್ಲಿಲ್ಲ? ಅವರ ಫೋನ್ ಬಂದ್ ಉಂಟು. ಎಲ್ಲಿದ್ದಾರೆ?"

ಸತ್ತಳು ಅಂದರೆ ಎಲ್ಲಿ, ಹೇಗೆ ಎಂದು ಕೇಳುತ್ತಾರೆ. ವಿಚಾರಿಸಲು ತೋಟಕ್ಕೆ ಮನುಷ್ಯನನ್ನು ಕಳಿಸುತ್ತಾರೆ. ಅವನು ಬಂದು ನನ್ನ ಹೆಸರು ಹೇಳಿ ಕೇಳಿದರೆ ಸಾವ್ಕಾರನಿಗೆ ತಿಳಿಯುತ್ತದೆ.

"ಊರಿಗಿ ಹೋಗ್ಯಾಳ್ರಿ," ಅಂದೆ.

"ಬಂದ್ರೆ ಕಳಿಸಿ ಹಾಂ. ಮಾತ್ರೆ ಬಿಡ್ಬಾರ್ದು."

ಏಳಬೇಕಾದವಳು ಏಳಲಿಲ್ಲ. ಏನೋ ಬಾಯಿ ಬಿಡಿಸಿತು.

"ಮೇಡಂ, ಒಂದ್ ಮಾತು ಕೇಳ್ತೀನ್ರಿ. ಊಟ ಇಲ್ದಾಗ ಗುಳಗಿ ನುಂಗಬಹುದೇನ್ರಿ?"

"ಹಾಂ, ಬಹುದಲ್ಲ! ಈ ಮಾತ್ರೆಗೆ ಊಟ ಬೇಕೇ ಬೇಕು ಅಂತ ಏನಿಲ್ಲ. ಸ್ವಲ್ಪ ಜನಕ್ಕೆ ಮಳಮಳ್ ಆಗ್ತದೆ, ವಾಕರಿಕೆ. ಆದ್ರೂ ತೆಕ್ಕೊಳ್ಳೋದು ಬಿಡ್ಬಾರ್ದು."

"ಊಟದ ಮ್ಯಾಲ ಅಂದಿದ್ರಲ್ರಿ ನೀವು."

"ಅದು ನೆನಪಿಗೆ ಮಾತ್ರ. ಟೈಮ್ ತಪ್ಪಬಾರ್ದು ಅಂತ ಹೇಳಿದ್ದು. ಯಾಕೆ, ನೀವು ಊಟ ಇಲ್ಲದಾಗ ಬಿಡ್ತಾ ಇದ್ರಾ? ಅಯ್ಯೋ, ನನ್ನನ್ನು ಕೇಳ್ಬೇಕಿತ್ತಲ್ಲ!"

ಅವಳ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆ ಬಂತು, ಅದು ಹೋಗಲಿಲ್ಲ. ಆ ಗೊಬ್ಬರದ ದಿನ, ಅದರ ಹಿಂದಿನ ನೂರು ದಿನ, ಬರೀ ನೀರಿನಲ್ಲಾದರೂ ನುಂಗಬಹುದಾಗಿದ್ದ ಗುಳಿಗೆಗಳು ಕಲ್ಲುಗಂಬದ ಬುಡದಲ್ಲಿದ್ದವು. ಕರುಳು ಸುಡುತ್ತದೆ ಅಂದವಳು ನಾನು. ನಳದ ಕೆಳಗೆ ತಲೆ ತೋಯಿಸಿಕೊಳ್ಳುವಾಗ ಅತ್ತೆ. ನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹೊರಡುವಾಗ ಮೇಡಂ ಒಂದು ಚೀಟಿ ಕೊಟ್ಟಿದ್ದಳು. ಡಿಸೆಂಬರ್ ಒಂದಕ್ಕೆ, ಏಡ್ಸ್ ದಿನಕ್ಕೆ, ನಾಸಿಕದ ಒಂದು ಸಭಾಗೃಹದಲ್ಲಿ ವ್ಯಾಪಾರಿಗಳ ಸೇವಾ ಮಂಡಳಿಯೊಂದು ನಮ್ಮಂಥವರಿಗೆ ಕಾಳು ಕಡಿ ಹಂಚುತ್ತದೆ. ಐದು ಕಿಲೋ ಹಿಟ್ಟು, ತೊಗರಿ ಬೇಳೆ, ಶೇಂಗಾ, ಬೆಲ್ಲ, ಎಣ್ಣೆ. ಐದು ಕಿಲೋ ಅಂದರೆ ಯಾರ ಅಂಗೈಯೂ ಸವರದ ಹಿಟ್ಟು. ಹಾಜರಿ ಹೋದರೆ ಹೋಗಲಿ ಅಂದುಕೊಂಡೆ. ಹಿಂದಿನ ದಿನ ಸಂಜೆ ಕಡೆಯ ಸಾಲಿಗೆ ಹೋಗಿ ಕಲ್ಲುಗಂಬದ ಬುಡ ಅಗೆದೆ. ಪ್ಲಾಸ್ಟಿಕ್ ಸುತ್ತಿದ ಎರಡು ಡಬ್ಬಿ, ಎರಡೂ ತುಂಬಿದ್ದವು; ಅವಳು ಏಳಲಾರದಾದ ಮೇಲಿನವನ್ನು ನನ್ನ ಕೈಯಿಂದಲೇ ಹಾಕಿಸಿದ್ದಳು. ಮೇಡಂಗೆ ವಾಪಸು ಕೊಟ್ಟು ಖರೇ ಮಾತು ಹೇಳಬೇಕು, ಹೇಳಿದರೆ ಆ ಸದ್ದು ನಿಲ್ಲಬಹುದು ಎಂಬ ಆಸೆ. ಎಷ್ಟಿವೆ ಎಂದು ಎಣಿಸಲಿಲ್ಲ. ಎಣಿಸಿದರೆ ನಾನು ಎರಡು ರೊಟ್ಟಿ ತಿಂದ ದಿನದ್ದು ಯಾವುದು ಎಂದು ಹುಡುಕಬೇಕಾಗುತ್ತಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಕೈಚೀಲದೊಳಗೆ ಡಬ್ಬಿಗಳು, ನೀರಿಗೆಂದು ಕೆಂಪು ದಾರದ ಮಗ್ಗು. ಗುಂಡಿ ಬಿದ್ದ ರಸ್ತೆಯ ಉದ್ದಕ್ಕೂ ಅವು ಕಟಕಟ ಅನ್ನುತ್ತ ಬಂದವು.

ಸಭಾಗೃಹದಲ್ಲಿ ಮೂವತ್ತು ನಲವತ್ತು ಜನ ಕುರ್ಚಿಯ ತುದಿಗೆ ಕೂತಿದ್ದರು. ಹೆಂಗಸರೆಲ್ಲ ಮೂಗಿನವರೆಗೆ ಸೆರಗು. ವೇದಿಕೆಯ ಮೇಲೆ ಚೀಲಗಳ ಸಾಲು, ಮುಂದೆ ಫೋಟೋದವನು. ನಾನು ಕೂತ ಮೇಲೆ ಮುಖ್ಯ ಅತಿಥಿ ಬಂದ. ಕೊರಳಿಗೆ ಚೆಂಡುಹೂವಿನ ಮಾಲೆ, ಮೈಮೇಲೆ ಆಗಷ್ಟೇ ಹೊದಿಸಿದ ಬಂಗಾರದ ಅಂಚಿನ ಶಾಲು, ಹಣೆ ತುಂಬ ವಿಭೂತಿ.

ಗುರುಬಸವ ಸಾವ್ಕಾರ.

ಆಗ ಕಣ್ಣಿಗೆ ಬಿತ್ತು, ಚೀಲಗಳ ಮೇಲೆಲ್ಲ ಅವನದೇ ಅಂಗಡಿಯ ಹೆಸರು. ಎದ್ದು ಹೋದರೆ ಬಾಗಿಲು ನಾಲ್ಕೇ ಹೆಜ್ಜೆ. ಹೋದರೆ ಹಿಟ್ಟು ಹೋಯಿತು. ಕೂತರೆ ಅವನ ಕೈಯಿಂದಲೇ ಚೀಲ ತಗೊಂಡು, ಅವನ ಪಕ್ಕದಲ್ಲೇ ಫೋಟೋಕ್ಕೆ ನಿಲ್ಲಬೇಕು. ಸಂಜೆಯೊಳಗೆ ಶೆಡ್ಡು ಹೋಯಿತು, ಕೆಲಸ ಹೋಯಿತು, ದಿನದ ಮಗ್ಗು ಹೋಯಿತು. ಸೆರಗನ್ನು ಇನ್ನೂ ಕೆಳಗೆ ಎಳೆದುಕೊಂಡೆ.

ಸಾವ್ಕಾರ ಮೈಕು ಹಿಡಿದು ಮರಾಠಿಯಲ್ಲಿ ಮಾತಾಡಿದ. "ಹೀ ಪಣ್ ಆಪಲೀಚ್ ಮಾಣಸಂ." ಇವರೂ ನಮ್ಮವರೇ. ಇವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಹಸಿದ ಹೊಟ್ಟೆಗೆ ಔಷಧಿ ಹತ್ತುವುದಿಲ್ಲ, ಅದಕ್ಕೇ ಈ ಅನ್ನದ ಸೇವೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಕಣ್ಣಿಗೆ ಬೀಳುತ್ತೇನೆಂದು.

ಮಂಡಳಿಯವನು ಪಟ್ಟಿ ಬಿಡಿಸಿದ. ನಂಬರಿನಿಂದ ಕರೆಯಿರಿ, ಹೆಸರು ಬೇಡ ಎಂದು ಪ್ರಜ್ಞಾ ಮೇಡಂ ಓಡಿಹೋಗಿ ಹೇಳಿದಳು. ಯಾರಿಗೆ ಕೊಟ್ಟೆವು ಎಂದು ಹೆಸರು ಸಮೇತ ವಿಡಿಯೋ ಬೇಕು ಮೇಡಂ ಎಂದು ಅವನು ಕೈ ಅಲ್ಲಾಡಿಸಿದ. ಮೂರು ಜನ ಹೋಗಿ ಬಂದರು. ಆಮೇಲೆ ಅವನು ಓದಿದ.

"ಸಕ್ರವ್ವಾ."

ನಾನು ಊರಿಗೆ ಹೋಗ್ಯಾಳ ಅಂದಿದ್ದೆನಲ್ಲ. ಪಟ್ಟಿಯಿಂದ ಅವಳ ಹೆಸರು ತೆಗೆದಿರಲಿಲ್ಲ.

"ಸಕ್ರವ್ವಾ ಆಹೇ ಕಾ?"

ಚೀಲದ ಮೇಲಿದ್ದ ಸಾವ್ಕಾರನ ಕೈ ನಿಂತಿತು. ಅವನ ಕಣ್ಣು ಕುರ್ಚಿ ಕುರ್ಚಿಯ ಮೇಲೆ ಹಾಯ್ದು ಬಂತು. ಮರೆತಿರಲಿಲ್ಲ ಅವನು. ಆಮೇಲೆ ಕೆಮ್ಮಿ, "ಪುಢಚಂ ನಾವ್ ಘ್ಯಾ," ಮುಂದಿನ ಹೆಸರು ತಗೊಳ್ಳಿ, ಅಂದ.

ಕೈಚೀಲದೊಳಗೆ ಡಬ್ಬಿ ಅಲ್ಲಾಡಿತು. ನಾನು ಅಲ್ಲಾಡಿಸಿರಲಿಲ್ಲ. ಅಥವಾ ನನ್ನ ಮೊಣಕೈ ತಗಲಿರಬೇಕು.

"ಹಾಜರ್," ಅಂದೆ.

ಅದು ನನ್ನ ಗಂಟಲೇ. ಎದ್ದು ನಿಂತು ತಲೆಯ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ವೇದಿಕೆಗೆ ಐದು ಮೆಟ್ಟಿಲು. ಹತ್ತುತ್ತಲೇ ಎರಡೂ ಡಬ್ಬಿಯ ಮುಚ್ಚಳ ತೆಗೆದು ಮಗ್ಗಿಗೆ ಸುರಿದೆ. ಸಾವ್ಕಾರ ನನ್ನನ್ನು ನೋಡಿದ. ಕೆಂಪು ದಾರವನ್ನೂ ನೋಡಿದ.

"ಭುವನಿ?" ಹಲ್ಲು ಕಚ್ಚಿ ಕನ್ನಡದಲ್ಲಿ ಅಂದ. "ನೀನೂ ಏನೇ?"

"ಹೌದ್ರಿ. ನಾನೂ."

"ನನ್ನ ತ್ವಾಟದಾಗ ಇದ್ಕೊಂಡು... ಸುಮ್ಮ ಕೆಳಗಿಳಿ. ಮಾನ ಕಳೀಬ್ಯಾಡ. ನಡಿ."

"ಶಾಲು ಹಿಡೀರಿ ಸಾವ್ಕಾರ್ರ."

"ಏನು?"

"ಉಡಿ ಹಿಡಿ ಅಂತೀರಲ್ರಿ ದಿನಾ ಸಂಜೀಕ, ಹಂಗ ಹಿಡೀರಿ."

ಅವನು ಹಿಡಿಯಲಿಲ್ಲ. ಕುರ್ಚಿಗೆ ಒತ್ತಿ ಕೂತ. ಶಾಲು ಅವನ ತೊಡೆಯ ಮೇಲೆ ತಾನಾಗಿಯೇ ಗುಳಿಬಿದ್ದಿತ್ತು. ನಾನು ವೈಜನಾಥನ ಹಾಗೆ ಅಂಗೈಯಿಂದ ಮಗ್ಗಿನ ಮೇಲೆ ಸವರಿದೆ, ಆಮೇಲೆ ಬೋರಲು ಹಾಕಿದೆ. ಬಿಳಿ ಗುಳಿಗೆಗಳು ಬಂಗಾರದ ಅಂಚಿನ ಮೇಲೆ ಬಿದ್ದವು. ಕೆಲವು ಉರುಳಿ ವೇದಿಕೆಯ ಹಲಗೆ ಮೇಲೆ ಸದ್ದು ಮಾಡಿದವು.

"ಯಾವ್ಯಾವ ದಿನ ನೀವು ಹಿಟ್ಟ ಕೊಟ್ಟಿಲ್ಲ, ಆ ದಿನದ ಗುಳಗಿ ಇವು," ಅಂದೆ. ಮೈಕು ಅವನ ಮುಂದೆಯೇ ಇತ್ತು, ಮಾತು ಸಭಾಗೃಹದ ತುಂಬ ಹೋಯಿತು. "ಸಕ್ರವ್ವ ನುಂಗಿಲ್ಲ. ಆಕಿ ಸತ್ತಾಳ, ನೀವು ಆಕಿ ಹಾಸಿಗಿ ಸುಟ್ಟೀರಿ. ಇದ್ರಾಗ ಒಂದು ಗುಳಗಿ ನನ್ನ ಲೆಕ್ಕದ್ದದ. ಅದು ಯಾವ್ದಂತ ನನಗ ಗೊತ್ತಾಗವಲ್ದು."

ಪ್ರಜ್ಞಾ ಮೇಡಂ ಬಾಯಿಗೆ ಕೈ ಹಚ್ಚಿ ನಿಂತಿದ್ದಳು. ಅವಳಿಗೆ ಎಷ್ಟು ಕನ್ನಡ ತಿಳಿದಿತ್ತೋ ಅಷ್ಟು ಸಾಕಿತ್ತು. ಫೋಟೋದವನಿಗೆ ಕನ್ನಡ ಬರುತ್ತಿರಲಿಲ್ಲ. ಇದೂ ಕಾರ್ಯಕ್ರಮದ್ದೇ ಎಂದುಕೊಂಡು ಎರಡು ಸಲ ಬೆಳಕು ಹೊಡೆದ. ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಈಗಷ್ಟೇ ಹೇಳಿದ ಸಾವ್ಕಾರ ಎರಡೂ ಕೈ ಮೇಲೆತ್ತಿಕೊಂಡು ಕೂತಿದ್ದ. ಗುಳಿಗೆಗಳನ್ನು ಕೊಡವಲೂ ಇಲ್ಲ, ಏಳಲೂ ಇಲ್ಲ. ದಿನವಿಡೀ ಗೊನೆ ಅದ್ದುವವರ ಹಾಗೆ ಕೈ ಮೇಲೆ.

ಯಾರಾದರೂ ಬಂದು ಕೆಳಗಿಳಿಸುತ್ತಾರೆಂದು ಕಾದೆ. ಯಾರೂ ಬರಲಿಲ್ಲ. ಪಟ್ಟಿ ಹಿಡಿದವನು ನನ್ನನ್ನೇ ನೋಡುತ್ತಿದ್ದ.

"ನನ್ನ ಹೆಸರು ಇನ್ನಾ ಕರ್ದಿಲ್ರಿ," ಅಂದೆ ಅವನಿಗೆ. "ಭುವನೇಶ್ವರಿ ಅಂತ ಅದ ನೋಡ್ರಿ. ಕರೀರಿ."

ಖಾಲಿ ಮಗ್ಗನ್ನು ಕಂಕುಳಲ್ಲಿ ಇಟ್ಟುಕೊಂಡು, ಸೊಂಟದ ಸೆರಗು ಬಿಚ್ಚಿ, ನಾನು ಉಡಿ ಹಿಡಿದು ನಿಂತೆ.